ಅಕ್ಷರ ಎರಡು, ಬೆರಳು ಒಂದೇ

ಅಕ್ಕಾ, ಜಿಮೇಲ್‌ನ ಭಾಷೆ ಬದಲಿಸೋದೇನು ದೊಡ್ಡ ಮಾತಲ್ಲ, ಬಲಗಡೆ ಮೂಲೆಯ ಸೆಟ್ಟಿಂಗ್ಸ್ ಗಾಲಿ ಒತ್ತಿದರಾತು ಅಂತೀರಿ. ಖರೆ. ಆದರೆ ನಮ್ಮ ನಿಪ್ಪಾಣಿ, ಕಾಗವಾಡದ ಕಡೆ ಆ ಗಾಲಿ ಒತ್ತಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ ನೋಡ್ರಿ: ಯಾವ ಭಾಷೆ? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬೀಗರು ಇಚಲಕರಂಜಿಯವರು, ದವಾಖಾನೆಗೆ ಹೋಗೋದು ಮೀರಜಕ್ಕೆ. ಲಗ್ನಪತ್ರಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ ಅಚ್ಚು ಹಾಕಿಸುವ ಮಂದಿ ನಾವು. ಅಂಥವರು ಮೇಲ್ ಬರೆಯುವಾಗ ಎರಡನ್ನೂ ಬಿಟ್ಟು ಇಂಗ್ಲಿಷ್ ಅಕ್ಷರದಲ್ಲಿ ‘ಆರಾಮ ಇದ್ದೀರಿ?’ ಅಂತ ಕುಟ್ಟೋದು ನನಗಂತೂ ಸರಿ ಕಾಣೋದಿಲ್ಲ. ಅಲ್ಲೇನ್ರಿ?

ಜಿಮೇಲ್ ಹುಟ್ಟಿದ್ದು 2004ರಲ್ಲಿ. 2009ರಲ್ಲೇ ಅದರೊಳಗೆ ಕನ್ನಡ ಟೈಪ್ ಮಾಡುವ ಸೌಲಭ್ಯ ಬಂತು. ಇಷ್ಟು ವರ್ಷವಾದರೂ ಮಂದಿ ಅದರ ಗೊಡವೆಗೆ ಹೋಗದಿರೋದಕ್ಕೆ ಒಂದು ಗೊಂದಲ ಕಾರಣ ಅನಿಸುತ್ತದೆ. ಕಾಣುವ ಭಾಷೆ ಬೇರೆ, ಬರೆಯುವ ಭಾಷೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಮೊದಲ ಸಾಲಿನಲ್ಲೇ ಭಾಷೆ ಇದೆಯಲ್ಲ, ಅಲ್ಲಿ ಕನ್ನಡ ಆರಿಸಿದರೆ ಗುಂಡಿಗಳ ಹೆಸರೆಲ್ಲ ಕನ್ನಡವಾಗುತ್ತವೆ, ಆದರೆ ಕೀಲಿ ಒತ್ತಿದರೆ ಬರೋದು ಇಂಗ್ಲಿಷೇ. ಬರೆಯೋದಕ್ಕೆ ಅದರ ಕೆಳಗೇ ‘ಇನ್‌ಪುಟ್ ಟೂಲ್ಸ್’ ಅಂತ ಇನ್ನೊಂದಿದೆ; ಅದಕ್ಕೆ ಟಿಕ್ ಹಾಕಿ, ಪಟ್ಟಿಯಿಂದ ಬೇಕಾದ್ದನ್ನು ಆರಿಸಿ, ಪುಟದ ತಳಕ್ಕೆ ಇಳಿದು ಸೇವ್ ಒತ್ತಬೇಕು. ತಳಕ್ಕೆ ಇಳಿಯೋದನ್ನೇ ಬಹಳ ಮಂದಿ ಮರೀತಾರೆ. ಯಾರಾದರೂ ಹುಡುಗರು ಆಟಕ್ಕೆ ಜಪಾನಿ ಭಾಷೆ ಇಟ್ಟುಬಿಟ್ಟರೂ ಹೆದರಬ್ಯಾಡ್ರಿ. ಗಾಲಿ ತನ್ನ ಜಾಗ ಬಿಡೋದಿಲ್ಲ.

ಡಿಟಿಪಿ ಅಂಗಡಿಯಿಂದ ಬರುವ ಮೇಲ್‌ಗಳದ್ದು ಇನ್ನೊಂದು ಕಥೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಎತ್ತಿ ಮೇಲ್‌ಗೆ ಹಾಕಿದರೆ ‘ಕನ್ನಡ’ ಅನ್ನೋ ಪದ ಏನಾಗಿ ಬರುತ್ತದೆ ಗೊತ್ತೇನ್ರಿ? ಮೊದಲಿಗೆ ಇಂಗ್ಲಿಷಿನ ಪಿ, ಅದರ ಬದಿಗೆ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು! ಹೌದು, ನಮ್ಮ ‘ನ’ ಅಕ್ಷರದ ಜಾಗದಲ್ಲಿ ಪೌಂಡು ಕೂತಿರುತ್ತದೆ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಇಟ್ಟಿದ್ದು. ಫಾಂಟ್ ಇಲ್ಲದ ಕಡೆ ಚಿತ್ರ ಹೋಗಿ ಮನೆಯಷ್ಟೇ ಉಳೀತದೆ. ಒಂದೊಂದು ಭಾಷೆಯ ಅಕ್ಷರಕ್ಕೂ ಅದರದ್ದೇ ಮನೆ ಕೊಡುವ ಯೂನಿಕೋಡ್‌ನಲ್ಲಿ ಬರೆದರೆ ಈ ತಾಪತ್ರಯ ಇಲ್ಲ. ಮೇಲಾಗಿ ‘ಕಬ್ಬಿನ ಬಿಲ್’ ಅಂತ ಕನ್ನಡದಲ್ಲೇ ಹುಡುಕಿದರೆ ಹಳೆಯ ಮೇಲ್ ಕೂಡ ಸಿಗುತ್ತದೆ.

ಅಕ್ಷರದ ಮಾತು ಬಂದಾಗ ನಮ್ಮ ಅಜ್ಜನ ವಹಿಗಳು ನೆನಪಾಗುತ್ತವೆ. ತಂಬಾಕಿನ ಲೆಕ್ಕವೆಲ್ಲ ಮರಾಠಿಯ ಹಳೆಯ ಮೋಡಿ ಅಕ್ಷರದಲ್ಲಿ. ಪೆನ್ನು ಎತ್ತದೇ ಬರೆದಂಥ, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸಾಲುಗಳು. ಈಗ ಮನೆಯಲ್ಲಿ ಒಬ್ಬರಿಗೂ ಓದಲು ಬರೋದಿಲ್ಲ. ಆ ಮೋಡಿಗೂ 2014ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು ಅಂತ ತಿಳಿದಾಗ ನನಗೆ ಭಾಳ ಸಮಾಧಾನ ಆತು. ಬರೆಯುವವರು ಮುಗಿದ ಮೇಲೆ ಜಾಗ ಸಿಕ್ಕಿದ್ದು, ಅಷ್ಟೇ. ಕನ್ನಡಕ್ಕೆ ಹಂಗ ಆಗಬಾರದಲ್ರಿ?

ಇರಲಿ, ಇನ್‌ಪುಟ್ ಟೂಲ್ಸ್‌ಗೆ ಬರೋಣ. ಆ ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಉಚ್ಚಾರದಿಂದ ಕನ್ನಡ ಮಾಡುವಂಥದ್ದು. ಸುಲಭವೇ, ಆದರೆ ಅಥಣಿ ಅಂತ ಬರೆಯಲು ಹೋದರೆ ತ ಯಾವುದು, ಥ ಯಾವುದು, ನ ಯಾವುದು, ಣ ಯಾವುದು ಅಂತ ಸಾಲಿನಿಂದ ಹೆಕ್ಕುತ್ತ ಕೂಡಬೇಕು. ನನಗೆ ಮೆಚ್ಚುಗೆಯಾದದ್ದು ಇನ್‌ಸ್ಕ್ರಿಪ್ಟ್. 1991ರ ಭಾರತೀಯ ಮಾನಕದಲ್ಲಿರುವ ಕೀಲಿಮಣೆ ಅದು. ಗಡಿಯವರಿಗೆ ಅಂತಲೇ ಮಾಡಿದ್ದಲ್ಲ, ಆದರೆ ನಮ್ಮಷ್ಟು ಉಪಯೋಗ ಇನ್ಯಾರಿಗೂ ಆಗಲಿಕ್ಕಿಲ್ಲ. ಕೆ ಕೀಲಿ ಒತ್ತಿದರೆ ಕನ್ನಡದಲ್ಲಿ ಕ, ಮರಾಠಿಯಲ್ಲೂ ಕ. ಜೆ ಒತ್ತಿದರೆ ಎರಡರಲ್ಲೂ ರ. ಶಿಫ್ಟ್ ಹಿಡಿದು ಎನ್ ಒತ್ತಿದರೆ ಎರಡೂ ಕಡೆ ಳ, ಅದೇ ನಮ್ಮ ಕೊಲ್ಹಾಪುರದವರೂ ಬಿಡದ ಳ! ಒತ್ತಕ್ಷರಕ್ಕೆ ಡಿ. ಒಮ್ಮೆ ಬೆರಳಿಗೆ ರೂಢಿ ಬಿತ್ತೋ, ರಾಯಬಾಗದವರಿಗೆ ಕನ್ನಡದಲ್ಲಿ, ಇಚಲಕರಂಜಿಯವರಿಗೆ ಮರಾಠಿಯಲ್ಲಿ ಅವೇ ಕೀಲಿಗಳಿಂದ ಬರೀಬಹುದು. ಕಲಿಯಲು ಮೊದಮೊದಲು ಕೈ ತಡವರಿಸುತ್ತದೆ, ಅದು ಖರೆ. ಆದರೂ ಕಲಿತವರಿಗೆ ಎರಡು ಭಾಷೆ ಕೈವಶ.

ಫೋನಿನಲ್ಲಿ ಇಷ್ಟು ಕಷ್ಟವೂ ಇಲ್ಲ. ಜಿಬೋರ್ಡ್‌ನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಸೇರಿಸಿಟ್ಟರೆ ಸ್ಪೇಸ್ ಬಾರ್ ಒತ್ತಿ ಹಿಡಿದಾಗ ಮೂರೂ ಎದುರಿಗೆ ಬರುತ್ತವೆ. ಯಾವುದನ್ನೂ ಬಿಡುವ ಪ್ರಮೇಯವಿಲ್ಲ. ಚಿಕ್ಕೋಡಿಯಿಂದ ನಿಮ್ಮ ಮಗಳು ರವಿವಾರ ಬರ್ತಾಳಲ್ಲ, ಅಕ್ಕಾ, ಹತ್ತು ನಿಮಿಷ ಕೂಡಿಸಿ ಎರಡೂ ಭಾಷೆ ಹಾಕಿಸಿಕೊಳ್ರಿ. ಬೀಗರಿಗೆ ಮರಾಠಿಯಲ್ಲಿ ಬರೀರಿ, ನನಗೆ ಕನ್ನಡದಲ್ಲಿ ಬರೀರಿ.