ಮಸೆಗಲ್ಲು: ಒಂದು ಬಹುಶಿಸ್ತೀಯ ಪರಿಪ್ರೇಕ್ಷ್ಯ

ಕಾಫಿ ಗಿಡದ ಸಂಶೋಧನೆಗೆ ಬಾಳೆಹೊನ್ನೂರಿನಲ್ಲಿ 1925ರಷ್ಟು ಹಿಂದೆಯೇ ಕೇಂದ್ರವೊಂದು ಸ್ಥಾಪನೆಯಾಗಿದ್ದರೂ, ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಸೀಮೆಯ ತೋಟಗಳಲ್ಲಿ ನಿತ್ಯ ನಡೆಯುವ ‘ಘರ್ಷಣಾತ್ಮಕ ಲೋಹಕ್ಷಯ ಪ್ರಕ್ರಿಯೆ’ಗೆ, ಅಂದರೆ ಕತ್ತಿ ಮಸೆಯುವುದಕ್ಕೆ, ಅಧ್ಯಯನಪೀಠವಿಲ್ಲದಿರುವುದು ಶೋಚನೀಯವಾಗಿದ್ದು, ಕತ್ತಿ ಹಿಡಿದವರಾರೂ ಈ ಕೊರತೆಯಿಂದ ಬಾಧಿತರಾದಂತೆ ಕಂಡುಬಾರದಿರುವುದು ಪ್ರಸ್ತುತ ಪ್ರಬಂಧದ ತುರ್ತನ್ನು ಇಮ್ಮಡಿಗೊಳಿಸುತ್ತದೆ.

ಶಿಲೆ ಮತ್ತು ಅಲಗಿನ ಸಂಬಂಧವು ಪಂಚವಿಧವಾದುದು. ಮೊದಲನೆಯದು ‘ನಿಸರ್ಗಜನ್ಯ’, ಅಂದರೆ ಹಳ್ಳದಿಂದ ಹೊತ್ತು ತಂದ ಕಲ್ಲು; ಅದರಲ್ಲಿನ ಬೆಣಚಿನ ಕಣಗಳ ಗಡಸುತನ ಮೋಸ್ ಮಾಪಕದಲ್ಲಿ 7 ಇರುವುದರಿಂದ ಅವು ಕತ್ತಿಯ ಉಕ್ಕನ್ನು ಸವೆಸಬಲ್ಲವು. ಎರಡನೆಯದು ‘ಕೃತಕೋದ್ಭವ’, ಅಂದರೆ ಅಮೆರಿಕದ ಎಡ್ವರ್ಡ್ ಅಚೆಸನ್ 1893ರಲ್ಲಿ ಪೇಟೆಂಟ್ ಪಡೆದ ಕಾರ್ಬೊರಂಡಮ್‌ನಿಂದ ತಯಾರಾಗಿ, ಒಂದು ಮುಖ ಒರಟಾಗಿಯೂ ಇನ್ನೊಂದು ನಯವಾಗಿಯೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಲ್ಲು. ಮೂರನೆಯದು ‘ಕ್ಷೌರಸಾಪೇಕ್ಷ’, ಅಂದರೆ ಕ್ಷೌರದ ಕತ್ತಿಗೆ ಬೇಕಾದ ಅತಿ ನಯದ ಕಲ್ಲು ಮತ್ತು ಬಳಿಕ ಅಲಗನ್ನು ತೀಡುವ ಚರ್ಮದ ಪಟ್ಟಿ. ಬಳಸಿ ಬಿಸಾಡುವ ಬ್ಲೇಡು ಸಲೂನುಗಳಿಗೆ ಬಂದ ಮೇಲೆ ಇದರ ಉಪಯೋಗ ಕುಗ್ಗಿರುವುದರಿಂದ ಇದೇ ಹೆಚ್ಚು ಶಾಸ್ತ್ರಯೋಗ್ಯ. ನಾಲ್ಕನೆಯದು ಮೊದಲನೆಯದೇ. ಐದನೆಯದು ಇರುವುದು, ಪಂಚವಿಧವೆಂದು ಆಗಲೇ ಬರೆದಾಗಿರುವುದರಿಂದ.

ಪೋಷಣೆಯಲ್ಲಿ ಮುಖ್ಯವಾದುದು ‘ಸಮತಲ ಪುನಃಸ್ಥಾಪನೆ’: ನಡು ಸವೆದು ಗುಳಿಬಿದ್ದ ಕಲ್ಲಿನ ಮೇಲೆ ಅಲಗು ನೇರವಾಗಿ ಕೂರುವುದಿಲ್ಲವಾದ್ದರಿಂದ ಅದನ್ನು ಚಪ್ಪಡಿಯ ಮೇಲೆ ಮರಳು, ನೀರು ಹಾಕಿ ಉಜ್ಜಿ ಸಮಮಾಡಬೇಕು, ನೀರು ಹಾಕಿ ಮಸೆಯುವ ಕಲ್ಲಿಗೆ ಎಣ್ಣೆ ತಾಗಿಸಬಾರದು. ಇಷ್ಟನ್ನೇ ಕೋಷ್ಟಕಗಳಲ್ಲಿ ಹಿಗ್ಗಿಸಿದ ಕೈಪಿಡಿಯನ್ನು, ಈಳಿಗೆಮಣೆಯನ್ನೂ ಮುಟ್ಟದ ವಿದ್ವಾಂಸರು ಹವಾನಿಯಂತ್ರಿತ ಸಭಾಂಗಣದಲ್ಲಿ ಬಿಡುಗಡೆ ಮಾಡಿ, ಶಾಲು ಹೊದ್ದು, ಊಟ ಮುಗಿಸಿ ಹೊರಡುತ್ತಾರೆ.

ಮರಗಸಿಗೆಂದು, ಅಂದರೆ ಕಾಫಿಗೆ ಬಿಸಿಲು ಬೀಳುವಂತೆ ನೆರಳಿನ ಮರಗಳ ಕೊಂಬೆ ಸವರಲೆಂದು, ಅತ್ತಿ, ಹಲಸು, ನಂದಿ ಮರಗಳನ್ನು ಹತ್ತುವವನು ಆ ಕೈಪಿಡಿಯಲ್ಲಿಲ್ಲ. ಮೊಂಡು ಕತ್ತಿ ಕೊಂಬೆಯನ್ನು ಕಚ್ಚದೆ ಜಾರುತ್ತದೆ. ಎರಡು ಪೆಟ್ಟಿಗೆ ಮುಗಿಯಬೇಕಾದದ್ದಕ್ಕೆ ಹತ್ತು ಪೆಟ್ಟು ಹಾಕುವಷ್ಟರಲ್ಲಿ ಒಂದು ಕೈಯಲ್ಲಿ ಮರ ತಬ್ಬಿದವನ ತೋಳು ಸೋಲುತ್ತದೆ. ಮರಕ್ಕಿಷ್ಟೆಂದು ಗುತ್ತಿಗೆ ಮಾತಾಡಿದ ಕಡೆ ಮಸೆಯುವ ಹೊತ್ತಿಗೆ ಕೂಲಿಯಿಲ್ಲ, ಆದ್ದರಿಂದ ಅವನು ಮಸೆಯದೆಯೇ ಹತ್ತುತ್ತಾನೆ. ಬಿದ್ದು ಸೊಂಟ ಮುರಿದುಕೊಂಡವನಿಗೆ ಯಾವ ಪರಿಪ್ರೇಕ್ಷ್ಯವೂ ಒದಗುವುದಿಲ್ಲ. ತೋಟದ ರೈಟರು ಮಸೆಯುವ ಅರ್ಧ ಗಂಟೆಯನ್ನೂ ಕೆಲಸವೆಂದು ಬರೆದುಕೊಂಡು, ಹತ್ತುವವನಿಗೆ ಗಟ್ಟಿಯಾದ ಹಗ್ಗವೊಂದನ್ನು ಕೊಡುವುದಾದರೆ, ಈ ಪ್ರಬಂಧವೂ ಇಂಥ ಉಳಿದೆಲ್ಲವೂ ರದ್ದಿಗೆ ಹೋದರೂ ನಷ್ಟವಿಲ್ಲ.