ಎಂಟುನೂರರ ಶಾಸನಪಾಠ

ಡೊಂಬಿವಲಿ ಪೂರ್ವದ ಹೌಸಿಂಗ್ ಸೊಸೈಟಿಯೊಂದರಲ್ಲಿ, ನೀರಿನ ಟ್ಯಾಂಕಿಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ, 1998ರ ಬಿಳಿ ಮಾರುತಿ 800 ಪ್ರತಿಷ್ಠಾಪಿತವಾಗಿದೆ. ಕಾರಿನ ಅಗಲ 1,440 ಮಿಲಿಮೀಟರ್; ಸಂದಿ ಅದಕ್ಕಿಂತ ಎರಡು ಗೇಣು ಹೆಚ್ಚು. ಯಜಮಾನರ ಮೈಕಟ್ಟು ತೆಳ್ಳಗೆ ಉಳಿದಿರುವುದಕ್ಕೆ ಇದೇ ಕಾರಣವೆಂದು ವಿದ್ವಾಂಸರ ಒಂದು ಪಂಗಡ ವಾದಿಸುತ್ತದೆ.

ಮೊದಲಿಗೆ ಕಾಲನಿರ್ಣಯ. ಈ ವಂಶದ ಮೊದಲ ಕಾರಿನ ಕೀಲಿಯನ್ನು 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಹಸ್ತಾಂತರಿಸಿದರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ನಡುವಿನ ಮೂವತ್ತು ವರ್ಷಗಳನ್ನು ‘796 ಸಿಸಿ ಯುಗ’ ಎಂದು ಕರೆಯುವುದು ಸೂಕ್ತ.

ಇನ್ನು ದೇಶನಿರ್ಣಯ. ಫಲಕ ಎಂಎಚ್-04 ಎನ್ನುತ್ತದೆ, ಅಂದರೆ ಥಾಣೆ. ಕಾರು ಮಲಗುವುದು ಎಂಎಚ್-05ರ, ಅಂದರೆ ಕಲ್ಯಾಣ್ ಆರ್‌ಟಿಓದ ಸೀಮೆಯಲ್ಲಿ. ಭಾನುವಾರ ಹೋಗುವುದು ಎಂಎಚ್-43ಕ್ಕೆ, ವಾಶಿಯ ಭಾವನ ಮನೆಗೆ. ಕವಿಗಳ ಜನ್ಮಸ್ಥಳದ ಬಗ್ಗೆ ಜಗಳವಾಡಿ ದಣಿದವರಿಗೆ ಇಲ್ಲಿ ಸಾಕಷ್ಟು ಸಾಮಗ್ರಿಯಿದೆ. ವಿಚಿತ್ರವೆಂದರೆ, ಇದೇ ಊರಿನ ಪ್ರೀಮಿಯರ್ ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ತಯಾರಾದ ಪ್ಯೂಜೋ 309 ಈಗ ಊರಲ್ಲಿ ಹುಡುಕಿದರೂ ಸಿಗದು. ಗುರ್‌ಗಾಂವ್‌ನಿಂದ ಬಂದ ಪರದೇಶಿಯೇ ಉಳಿದುಕೊಂಡಿದೆ.

ಹಿಂದಿನ ಗಾಜಿನ ಮೇಲಿನ ಬರಹ ಮೂರು ಪದರಗಳದ್ದು: ಅಡಿಯಲ್ಲಿ ಕಟೀಲಮ್ಮ, ಮೇಲೆ ಸೊಸೈಟಿಯ ಪಾರ್ಕಿಂಗ್ ಸ್ಟಿಕ್ಕರ್, ಅದರ ಮೇಲೆ ಮಗಳ ಶಾಲೆಯ ಲಾಂಛನ. ಎರಡನೆಯದು ತ್ರುಟಿತ, ಯಜಮಾನತಿ ಬ್ಲೇಡಿನಿಂದ ಕೆರೆದ ಗುರುತು ಸ್ಪಷ್ಟ. 2019ರ ಏಪ್ರಿಲ್‌ಗೆ ಮೊದಲಿನ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಎಂಬ ನಂಬರ್ ಫಲಕ ಕಡ್ಡಾಯವಾದ ಮೇಲೆ, ಶಿಲಾಶಾಸನ, ತಾಮ್ರಶಾಸನಗಳ ಸಾಲಿಗೆ ಅಲ್ಯೂಮಿನಿಯಂ ಶಾಸನವೂ ಸೇರಿತು.

ಹದಿನೈದು ವರ್ಷ ತುಂಬಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2023ರಲ್ಲಿ ಯಜಮಾನರು ತುಟಿ ಪಿಟಕ್ಕೆನ್ನದೆ ಕಟ್ಟಿದರು. ಮನೆಗೆ ಬಂದು ಒಂದು ವಾರ ಮಾತಾಡಿದರು.

ಪೂರ್ವಪಕ್ಷ ಭಾವನದು: “ಇನ್ನೆಷ್ಟು ದಿನ ಭಾವ, ಈ ಡಬ್ಬಿ? ಗುಜರಿಗೆ ಹಾಕಿ.” ಸಿದ್ಧಾಂತ ಹೀಗಿದೆ: ನಂಬಿಕಸ್ಥ ಕಾರು ಎಂದರೆ ಕೆಡದ ಕಾರಲ್ಲ, ಎಲ್ಲಿ ಕೆಡುತ್ತದೆಂದು ಮನೆಯವರಿಗೆಲ್ಲ ಗೊತ್ತಿರುವ ಕಾರು. ಚಳಿಗೆ ಚೋಕ್ ಪೂರ್ತಿ ಎಳೆಯಬೇಕೆಂಬುದು ಯಜಮಾನರ ಪಾಠ. ಅರ್ಧ ಸಾಕೆಂಬುದು ಯಜಮಾನತಿಯ ಪಾಠಾಂತರ. ಸ್ಟಾರ್ಟ್ ಆಗುವುದು ಪಾಠಾಂತರಕ್ಕೇ ಎಂದು ಹೇಳದೆ ವಿಧಿಯಿಲ್ಲ.

ಪ್ರಯೋಗಕ್ಕೆ ಜುಲೈನ ಒಂದು ಭಾನುವಾರ ಒದಗಿತು. ವಾಶಿಯಿಂದ ವಾಪಸು ಬರುವಾಗ, ಭಾವನೂ ಜೊತೆಗಿದ್ದಾಗ, ಶೀಳ್‌ಫಾಟಾದ ಜಾಮಿನಲ್ಲಿ ಮೊಣಕಾಲೆತ್ತರದ ನೀರು ಎರಚಿ ಟ್ರಕ್ಕೊಂದು ದಾಟಿತು. 800 ಎರಡು ಸಲ ಕೆಮ್ಮಿ ನಿಂತಿತು. ಯಾರೂ ಗಾಬರಿಯಾಗಲಿಲ್ಲ. ಯಜಮಾನತಿ ಡ್ಯಾಶ್‌ಬೋರ್ಡಿನ ಖಾನೆಯಿಂದ ಹಳೇ ಬನಿಯನ್ ತೆಗೆದುಕೊಟ್ಟರು. ಯಜಮಾನರು ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗಿನ ತೇವ ಒರೆಸಿದರು, ಪ್ಲಗ್ ವೈರುಗಳನ್ನು ಒಂದೊಂದಾಗಿ ತೀಡಿದರು. ಹಿಂದೆ ಹಾರ್ನಿನ ಸಮೂಹಗಾನ. ಮಗಳು ಸ್ಟಿಯರಿಂಗ್ ಮುಂದೆ ಕೂತು ಅರ್ಧ ಚೋಕ್ ಎಳೆದು ಕೀಲಿ ತಿರುವಿದಳು.

ಕೊಡೆ ಹಿಡಿದು ನಿಂತಿದ್ದವನು ಭಾವ.