ನಾಲ್ಕು ವರ್ಷಕ್ಕೊಮ್ಮೆ ಗಾಲ್ಫ್ ಪಂಡಿತರು

2021ರ ಆಗಸ್ಟ್ 7, ಶನಿವಾರ, ಟೋಕಿಯೊ ಒಲಿಂಪಿಕ್ಸ್. ಅಂದು ಬೆಳಗಿನ ಜಾವ ಭಾರತದಲ್ಲಿ ಗಾಲ್ಫ್ ಹುಟ್ಟಿತು, ಕಾಫಿ ತಿಂಡಿ ಮುಗಿಯುವ ಹೊತ್ತಿಗೆ ತೀರಿಕೊಂಡಿತು. ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ತಂದುಬಿಟ್ಟಿದ್ದರಿಂದ ಸತ್ತ ಆಟದ ತಿಥಿ ಮಾಡುವುದಕ್ಕೂ ಯಾರಿಗೂ ಪುರುಸೊತ್ತಾಗಲಿಲ್ಲ.

ಆದರೆ ಆ ನಾಲ್ಕೈದು ತಾಸು ಇದೆಯಲ್ಲ, ಅದು ಸುವರ್ಣಯುಗ. ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದಿನ ರಾತ್ರಿಯವರೆಗೂ ಕಾವೇರಿ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಕೇಳುತ್ತಿದ್ದವರೆಲ್ಲ ಬೆಳಗಾಗುವಷ್ಟರಲ್ಲಿ ಬರ್ಡಿ, ಬೋಗಿ ಎಂದು ಮಾತಾಡತೊಡಗಿದರು. “ಮೈನಸ್ ಹದಿನೈದು ಅಂತ ತೋರಿಸ್ತಿದೆಯಲ್ರೀ, ಪಾಪ, ಹುಡುಗಿ ಅಷ್ಟೊಂದು ಹಿಂದೆ ಬಿದ್ದಿದ್ದಾಳಾ?” ಎಂದು ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಮರುಗಿದರು. ಜೀವಮಾನವಿಡೀ ಲೆಡ್ಜರ್ ನೋಡಿದವರಿಗೆ ಮೈನಸ್ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ಇದರಲ್ಲಿ ಕಡಿಮೆ ಹೊಡೆದವರೇ ಗೆಲ್ಲುವುದು ಎಂದು ಯಾರೋ ತಿಳಿಹೇಳಿದಾಗ, “ಹಾಗಾದ್ರೆ ಏನೂ ಮಾಡದೆ ಸುಮ್ನಿದ್ರೆ ಇನ್ನೂ ಒಳ್ಳೇದಲ್ವಾ?” ಎಂಬ ಪ್ರಶ್ನೆ ಬಂತು. ಕೇಳಿದವರು ಸರ್ಕಾರಿ ಸೇವೆಯಲ್ಲಿ ಬಡ್ತಿಯ ಮೇಲೆ ಬಡ್ತಿ ಪಡೆದವರು. ಅನುಭವದ ಮಾತು.

ಆ ಹುಡುಗಿ, ಅಂದರೆ ನಮ್ಮ ಗಾಲ್ಫರ್ ಅದಿತಿ ಅಶೋಕ್, ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವರು. ಕಣದಲ್ಲಿದ್ದವರು 60 ಮಂದಿ. ಕೊನೆಯ ಸುತ್ತಿನಲ್ಲಿ ಅವರ ಜೊತೆ ನಡೆಯುತ್ತಿದ್ದವರು ಆಗಿನ ನಂಬರ್ ಒನ್ ನೆಲ್ಲಿ ಕೊರ್ಡಾ ಮತ್ತು ಲಿಡಿಯಾ ಕೊ. ಅದಿತಿಗೆ ಅದೇ ವರ್ಷ ಕೋವಿಡ್ ಬಂದು ಹೋಗಿತ್ತು, ಮೊದಲೇ ಉದ್ದ ಹೊಡೆಯದ ಕೈಯಲ್ಲಿ ಇನ್ನಷ್ಟು ಬಲ ಕುಂದಿತ್ತು. ಉಳಿದವರು ಗ್ರೀನ್ ಹತ್ತಿರಕ್ಕೆ ಹೋಗಿ ಸಣ್ಣ ಐರನ್ ಹಿಡಿದರೆ ಇವರು ಹಿಂದೆಲ್ಲೋ ನಿಂತು ಹೈಬ್ರಿಡ್ ಬೀಸಬೇಕು, ಆ ಅಂತರವನ್ನು ಪಟರ್ ಒಂದರಿಂದಲೇ ತುಂಬಬೇಕು. ನಾಲ್ಕು ದಿನ ತುಂಬಿದರು. ಒಟ್ಟು 269 ಹೊಡೆತ. ಕಂಚು ಗೆದ್ದ ಕೊ ಅವರದು 268. ಹದಿನೆಂಟನೆಯ ಹೋಲ್‌ನಲ್ಲಿ ಒಂದು ಹೊಡೆತ ಉಳಿಸುವ ಬರ್ಡಿಗಾಗಿ ದೂರದಿಂದ ತಳ್ಳಿದ ಚೆಂಡು 4.25 ಇಂಚಿನ ಕುಳಿಯೊಳಗೆ ಬಿದ್ದಿದ್ದರೆ ಪದಕಕ್ಕೆ ಪ್ಲೇಆಫ್ ಆಡಬಹುದಿತ್ತು. ಬೀಳಲಿಲ್ಲ, ನಾಲ್ಕನೇ ಸ್ಥಾನ. ಅದಾಗಿ ಅರ್ಧ ನಿಮಿಷಕ್ಕೆ ನಮ್ಮ ಗುಂಪಿನಲ್ಲಿ ತೀರ್ಪು ಬಂತು: “ಸ್ವಲ್ಪ ಬಲಕ್ಕೆ ಹೊಡೀಬೇಕಿತ್ತು.”

ಆಡಿದ ಜಾಗವೂ ಸಾಮಾನ್ಯದ್ದಲ್ಲ. ಟೋಕಿಯೊ ಹೊರವಲಯದ ಕಾಸುಮಿಗಾಸೆಕಿ ಕಂಟ್ರಿ ಕ್ಲಬ್ ಹೆಂಗಸರಿಗೆ ಪೂರ್ಣ ಸದಸ್ಯತ್ವ ಕೊಡಲು ಒಪ್ಪಿದ್ದು 2017ರಲ್ಲಿ, ಅದೂ ಒಲಿಂಪಿಕ್ ಸಮಿತಿ ಕಣ್ಣು ಕೆಂಪಗೆ ಮಾಡಿದ ಮೇಲೆ. ಮಡಿವಂತಿಕೆ ಬಿಟ್ಟು ನಾಲ್ಕೇ ವರ್ಷಕ್ಕೆ ಅವರ ಹುಲ್ಲಿನ ಮೇಲೆ 60 ಹೆಂಗಸರು ಓಡಾಡಿದರು. ಹುಲ್ಲಿಗೆ ಏನೂ ಆಗಲಿಲ್ಲವಂತೆ.

ನಮ್ಮ ಬೆಂಗಳೂರೇನು ಕಡಿಮೆಯೇ? ಐದು ವರ್ಷದ ಅದಿತಿ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳ ಕಾಣುತ್ತಿತ್ತು, ಆಟ ಶುರುವಾದದ್ದು ಅಲ್ಲಿಂದ. ಆ ಅಂಗಳ ಇರುವುದು ಹಿಂದೆ ಚಲ್ಲಘಟ್ಟ ಕೆರೆ ಇದ್ದಲ್ಲಿ. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣವಾಗಿಸಿ, ಸಂಪಂಗಿ ಕೆರೆಯನ್ನು ಕ್ರೀಡಾಂಗಣವಾಗಿಸಿದ ಊರು ಚಲ್ಲಘಟ್ಟವನ್ನು ಸುಮ್ಮನೆ ಬಿಡುತ್ತದೆಯೇ? ಕೆರೆ ಹೋಗಿ ಮೈದಾನ ಬಂತು. ಚೆಂಡಿಗೆ ಅಡ್ಡಿ ಇಲ್ಲದೆ ಗಾಲ್ಫ್ ರುಚಿಸುವುದಿಲ್ಲವಾದ್ದರಿಂದ ಮೈದಾನದೊಳಗೆ ಕೊಳಗಳೂ ಇವೆ. ನೀರಿನ ಬಗ್ಗೆ ಬೆಂಗಳೂರಿನ ಇಡೀ ನೀತಿ ತಿಳಿಯಬೇಕಾದವರು ಇದೊಂದನ್ನು ನೋಡಿದರೆ ಸಾಕು.

ಗಾಲ್ಫರ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಿಳಿ ಕೈಗವಸು, ಬ್ಯಾಟರಿ ಗಾಡಿ, ಮಧ್ಯಾಹ್ನದ ಬಿಯರ್. ವೃತ್ತಿಪರರ ಲೆಕ್ಕವೇ ಬೇರೆ. ವಿಮಾನದ ಟಿಕೆಟ್, ಹೋಟೆಲ್, ಕ್ಯಾಡಿಯ ವಾರದ ಸಂಬಳ ಎಲ್ಲ ಆಟಗಾರರ ಕಿಸೆಯಿಂದ. ಸಾಮಾನ್ಯವಾಗಿ ಎರಡು ಸುತ್ತು ಮುಗಿದೊಡನೆ ‘ಕಟ್’ ಬೀಳುತ್ತದೆ. ಕೆಳಗುಳಿದವರು ಬಿಡಿಗಾಸಿಲ್ಲದೆ ಊರಿನ ದಾರಿ ಹಿಡಿಯಬೇಕು. (ವಿಧಾನಸಭೆಯ ಅಧಿವೇಶನಕ್ಕೂ ಈ ನಿಯಮ ತಂದು, ಎರಡು ದಿನದ ಸಾಧನೆ ನೋಡಿ ಅರ್ಧ ಜನರನ್ನು ಭತ್ಯೆಯಿಲ್ಲದೆ ಮನೆಗೆ ಕಳಿಸಿದರೆ ಬೊಕ್ಕಸಕ್ಕೆ ಎಷ್ಟು ಉಳಿದೀತು ಎಂಬುದನ್ನು ಹಣಕಾಸು ಇಲಾಖೆ ಲೆಕ್ಕ ಹಾಕಲಿ.) ಒಲಿಂಪಿಕ್ಸ್‌ನಲ್ಲಂತೂ ಬಹುಮಾನದ ಹಣವೇ ಇಲ್ಲ. ಬೇರೆ ಯಾವ ವಾರವಾದರೂ ನಾಲ್ಕನೇ ಸ್ಥಾನಕ್ಕೆ ದಪ್ಪ ಚೆಕ್ ಸಿಗುತ್ತದೆ, ಟೋಕಿಯೊದಲ್ಲಿ ಸಿಕ್ಕಿದ್ದು ಟ್ವೀಟ್. ಪ್ರಧಾನಿಯಿಂದ, ರಾಷ್ಟ್ರಪತಿಯಿಂದ, ಮತ್ತೆ ಪಟರ್ ಯಾವುದು ಡ್ರೈವರ್ ಯಾವುದು ಎಂದು ತಿಳಿಯದ ಕೋಟ್ಯಂತರ ಜನರಿಂದ. ಅಲ್ಲಿ ನಾಲ್ಕು ದಿನ ಬ್ಯಾಗ್ ಹೊತ್ತು ಪಕ್ಕದಲ್ಲಿ ನಡೆದದ್ದು ಅಮ್ಮ ಮಹೇಶ್ವರಿ. 2016ರ ರಿಯೊದಲ್ಲಿ ಹೊತ್ತವರು ಅಪ್ಪ ಅಶೋಕ್. ದೇಶ ಹೊತ್ತು ಮೆರೆಸುತ್ತದೆ ಎಂದು ಕಾಯುತ್ತ ಕೂತಿದ್ದರೆ ಆ ಬ್ಯಾಗ್ ಇನ್ನೂ ವಿಮಾನ ನಿಲ್ದಾಣದಲ್ಲೇ ಇರುತ್ತಿತ್ತು.

ಗೆದ್ದದ್ದೇ ಇಲ್ಲವೇ ಎಂದರೆ, ಗೆದ್ದಿದ್ದಾರೆ. 2016ರಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದು ಮಹಿಳೆಯರ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು. 2023ರಲ್ಲಿ ಕೀನ್ಯಾದಲ್ಲಿ ಗೆದ್ದರು, ಸ್ಪೇನ್‌ನಲ್ಲಿ ಗೆದ್ದರು, ಲಾಸ್ ಏಂಜಲೀಸ್‌ನಲ್ಲಿ ಪ್ಲೇಆಫ್‌ವರೆಗೆ ಹೋದರು. ನಾಲ್ಕನೇ ಸ್ಥಾನಕ್ಕೆ ಅಲಾರಾಂ ಇಟ್ಟುಕೊಂಡು ಎದ್ದಿದ್ದ ದೇಶ ಮೊದಲನೇ ಸ್ಥಾನ ಬಂದಾಗ ಗೊರಕೆ ಹೊಡೆಯುತ್ತಿತ್ತು.

ಮತ್ತೆ ಎಚ್ಚರವಾದದ್ದು ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ. ಏಳು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ದಿನಕ್ಕೆ ಕಾಲಿಟ್ಟ ಅದಿತಿ ಅಂದು 77 ಹೊಡೆದು ಬೆಳ್ಳಿಗೆ ಇಳಿದರು. ಏಷ್ಯಾಡ್ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರಿಗೆ ಬಂದ ಮೊಟ್ಟಮೊದಲ ಪದಕ ಅದು. ಪಂಡಿತರು ಮಾತ್ರ ಚಿನ್ನ ಕೈಬಿಟ್ಟ ಲೆಕ್ಕ ಬರೆದರು. ಒತ್ತಡ ತಡೆಯುವ ಶಕ್ತಿ ಸಾಲದು ಎಂದವರಲ್ಲಿ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೂರು ನಿಮಿಷ ತಡೆಯಲಾರದೆ ಹಾರ್ನ್ ಒತ್ತುವವರೂ ಇದ್ದರು. 2024ರ ಪ್ಯಾರಿಸ್‌ನಲ್ಲಿ ಜಂಟಿ 29ನೇ ಸ್ಥಾನ. ಆ ಸಲ ಬೋಗಿ ಎಂದರೆ ಮತ್ತೆ ರೈಲಿನದೇ ಆಗಿತ್ತು.

ಮುಂದಿನ ಒಲಿಂಪಿಕ್ಸ್ 2028ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಬೆಳಗಾದರೆ ನಮಗೆ ರಾತ್ರಿ, ಹಾಗಾಗಿ ಅಲಾರಾಂ ಬೇಕಿಲ್ಲ, ನಿದ್ದೆಗೆಟ್ಟರೆ ಸಾಕು. ನಡುವೆ ಪ್ರತಿ ಸೋಮವಾರದ ಪತ್ರಿಕೆಯ ಕ್ರೀಡಾಪುಟದಲ್ಲಿ, ಕ್ರಿಕೆಟ್ ಹರಾಜಿನ ಸುದ್ದಿ ಮುಗಿದ ಮೇಲೆ ಕೆಳಗಡೆ ಎಲ್ಲೋ ಎರಡು ಸಾಲು ಗಾಲ್ಫ್ ಫಲಿತಾಂಶ ಇರುತ್ತದೆ. ದಯವಿಟ್ಟು ಓದಿ. ಮೈನಸ್ ಇದ್ದರೆ ಮರುಗಬೇಡಿ.